ಸಂಬಳ ಇಲ್ವಾ ಅಪ್ಪ, ಅಂದೆಯಲ್ಲ

ಪುಟ್ಟಿ,

ನಿನ್ನೆ ಊಟ ಮುಗಿಸಿ ಏಳುವಾಗ ನಾನು ಬಿಲ್ಲಿನ ತಟ್ಟೆಯಲ್ಲಿ ಟಿಪ್ಸ್ ಇಟ್ಟೆ. "ಅವರಿಗೆ ಸಂಬಳ ಇಲ್ವಾ ಅಪ್ಪ?" ಅಂದೆ ನೀನು. ಸಪ್ಲೈಯರ್ ಹುಡುಗ ಪಕ್ಕದಲ್ಲೇ ನಿಂತಿದ್ದ. ಅವನೆದುರು ನಿನ್ನ ಮೇಲೆ ರೇಗಿದ್ದು ನನ್ನ ತಪ್ಪು. ನಾಳೆ ವಿಮಾನ ಹತ್ತುವ ಮಗಳಿಗೆ ಹಾಗೆ ಬೈಯಬಾರದಿತ್ತು. ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಶಾಲೆಯ ಫಾರಮ್ಮಿನಲ್ಲಿ ಅಪ್ಪನ ಕೆಲಸ ಅಂತ ನೀನು ಬರೆದದ್ದರ ಮಾತು ಬೇಡ, ಅದು ಆಗಿಹೋಯಿತು.

22 ವರ್ಷ ಬಾರ್ ಕೌಂಟರಿನ ಹಿಂದೆ ನಿಂತವನು ನಾನು. ಬರುತ್ತಿದ್ದವರಲ್ಲಿ ವಿದೇಶಿಯರೇ ಹೆಚ್ಚು. ಅಮೆರಿಕದವರು ಗ್ಲಾಸಿಗೊಂದು ಡಾಲರ್ ಇಟ್ಟು ಹೋಗುತ್ತಿದ್ದರು. ಜರ್ಮನಿಯವನೊಬ್ಬ ನೋಟು ಕೊಡುತ್ತ ಬಿಲ್ಲಿಗಿಂತ ತುಸು ಹೆಚ್ಚಿನ ಮೊತ್ತ ಹೇಳಿದ. ಬಿಲ್ಲನ್ನು ತಪ್ಪಾಗಿ ಓದಿದ್ದಾನೆ ಎಂದುಕೊಂಡು ಪೂರ್ತಿ ಚಿಲ್ಲರೆ ವಾಪಸ್ ಕೊಟ್ಟೆ. ಟಿಪ್ಸ್ ಸೇರಿಸಿ ಮೊತ್ತ ಹೇಳುವುದು ಅವರ ಪದ್ಧತಿ ಅಂತ ಆಮೇಲೆ ತಿಳಿಯಿತು. ಫ್ರಾನ್ಸಿನಲ್ಲಿ ಸೇವೆಯ ದುಡ್ಡು ಬೆಲೆಯೊಳಗೇ ಸೇರಿರುತ್ತದಂತೆ, ಹಾಗಾಗಿ ಅಲ್ಲಿಯವರು ನಾಲ್ಕು ಬಿಡಿಕಾಸು ಬಿಟ್ಟರೂ ಅದು ಖುಷಿಯಿಂದ ಬಿಟ್ಟದ್ದೇ.

ಆದರೆ ನನ್ನನ್ನು ಇವತ್ತಿಗೂ ಕಾಡುವವರು ಜಪಾನಿನ ಒಬ್ಬ ಹಿರಿಯರು. ನಾಲ್ಕು ರಾತ್ರಿ ಬಂದರು. ಒಂದೇ ವಿಸ್ಕಿ, ಹೆಚ್ಚು ನೀರು. ಮೊದಲ ದಿನ ಏನೂ ಬಿಡಲಿಲ್ಲ. ಎರಡನೇ ದಿನ ನಾನು ಬೇಕೆಂದೇ ಚಿಲ್ಲರೆಯನ್ನು ಸಣ್ಣ ನೋಟುಗಳಲ್ಲಿ ಕೊಟ್ಟೆ. ಒಂದೊಂದನ್ನೂ ಎಣಿಸಿ ಪರ್ಸಿಗೆ ಹಾಕಿಕೊಂಡರು. ಮೂರನೇ ದಿನ ಎಲ್ಲರಿಗೂ ಕೊಟ್ಟ ಮೇಲೆ ಅವರಿಗೆ ಕೊಟ್ಟೆ, ಮುಖ ನೋಡದೆ. ಅವರು ಮಾತ್ರ ದಿನಾ ಏಳುವ ಮುಂಚೆ ಗ್ಲಾಸ್ ಎತ್ತಿ, ಕೌಂಟರ್ ಮೇಲೆ ಉಳಿದ ನೀರಿನ ಉಂಗುರವನ್ನು ತಮ್ಮದೇ ಕರ್ಚೀಫಿನಿಂದ ಒರೆಸುತ್ತಿದ್ದರು. ನಾನು ನೋಡಿದ್ದೆ. ನೋಡಿಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೊನೆಯ ರಾತ್ರಿ ಎದ್ದು ನಿಂತು, ಸೊಂಟ ಬಗ್ಗಿಸಿ ನನಗೆ ನಮಸ್ಕರಿಸಿ ಹೋದರು. ಅವರ ದೇಶದಲ್ಲಿ ಟಿಪ್ಸ್ ಪದ್ಧತಿಯೇ ಇಲ್ಲ, ಬಿಟ್ಟುಹೋದರೆ ಮರೆತಿದ್ದೀರಿ ಎಂದು ಹಿಂದೆಯೇ ಓಡಿಬಂದು ಕೊಡುತ್ತಾರೆ ಅಂತ ನಮ್ಮ ಸೀನಿಯರ್ ಹೇಳಿದ್ದು ಮಾರನೆಯ ದಿನ. ಆ ಒದ್ದೆ ಕರ್ಚೀಫು ಇನ್ನೂ ಕಣ್ಣೆದುರಿಗಿದೆ. ನಾಲ್ಕು ರಾತ್ರಿ ಬಂದರೂ ಅವರ ಹೆಸರು ಕೇಳಿರಲಿಲ್ಲ ನಾನು.

ಇನ್ನು ಮೇಲೆ ವಿದೇಶಿ ಗಿರಾಕಿ ನೀನು, ಪುಟ್ಟಿ. ನಿನ್ನೆ ಸಿಟ್ಟು ಬಂದದ್ದು ಆ ಭಯಕ್ಕೆ. ಅಲ್ಲೊಬ್ಬ ಹುಡುಗ ನಿನ್ನ ಮುಖ ನೋಡದೆ ಗ್ಲಾಸ್ ಇಟ್ಟು ಹೋಗಬಾರದು. ಸಂಬಳ ಇಲ್ವಾ ಅಂತ ಕೇಳಿದೆಯಲ್ಲ, ಅಮೆರಿಕದಲ್ಲಿ ಟಿಪ್ಸ್ ಪಡೆಯುವವರಿಗೆ ಮಾಲೀಕ ಕೊಡಲೇಬೇಕಾದ ಕನಿಷ್ಠ ಕೂಲಿ ಕೇಂದ್ರದ ಕಾನೂನಿನಲ್ಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಏರಿಲ್ಲ. ಟಿಪ್ಸ್ ಸೇರಿಯೂ ಉಳಿದ ಕೆಲಸದವರ ಕನಿಷ್ಠ ಕೂಲಿಯಾದ 7.25 ಡಾಲರ್ ಮುಟ್ಟದಿದ್ದರೆ ಮಾತ್ರ ಉಳಿದದ್ದನ್ನು ಮಾಲೀಕ ತುಂಬಬೇಕು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಪೂರ್ತಿ ಕನಿಷ್ಠ ಕೂಲಿ ಉಂಟು, ನೀನು ಹೋಗುವ ಕಡೆ ಇಲ್ಲ. ಕೂತು ತಿಂದರೆ ನೂರಕ್ಕೆ 18, 20 ಇಡು. ದುಡ್ಡಿಲ್ಲದ ದಿನ ಹೊರಗೆ ತಿನ್ನಬೇಡ, ರೂಮಿನಲ್ಲಿ ಅಡಿಗೆ ಮಾಡಿಕೋ. ಬಿಲ್ಲಿನಲ್ಲಿ ಮೊದಲೇ ಸೇರಿಸಿದ್ದಾರಾ ನೋಡು. ಕಾರ್ಡ್ ಕೊಡುವಾಗ ಹುಷಾರು. ರಾತ್ರಿ ತಡಮಾಡಬೇಡ. ಮತ್ತೆ ಪಾಠ ಶುರುಮಾಡಿದೆ ನೋಡು, ಇರಲಿ.

ನಿನ್ನ ಓದಿನ ಫೀಸು ಕಟ್ಟಿದ್ದು ಗ್ಲಾಸಿನ ಕೆಳಗೆ ಸಿಕ್ಕ ದುಡ್ಡಿನಿಂದಲೇ. ನಿನ್ನ ವೀಸಾ ಬಂದ ದಿನ ಹಳೇ ಬಾರಿಗೆ ಹೋಗಿ ಎಲ್ಲರಿಗೂ ಹೇಳಿಬಂದೆ, ನಿನಗೆ ಹೇಳಿರಲಿಲ್ಲ.

ಬ್ಯಾಗಿನ ಮುಂದಿನ ಜೇಬಿನಲ್ಲಿ ಒಂದೊಂದು ಡಾಲರಿನ 40 ನೋಟುಗಳಿವೆ. ಬದಲಾಯಿಸದೆ ಉಳಿಸಿಕೊಂಡಿದ್ದವು. ಕೆಲವದರ ಮೇಲೆ ಗ್ಲಾಸಿನ ಗುರುತು ಬಿದ್ದಿದೆ, ಆದರೂ ನಡೆಯುತ್ತವೆ. ಅಲ್ಲಿ ಗ್ಲಾಸು ತಂದಿಡುವವರಿಗೆ ಕೊಡು.

ಅಪ್ಪ