ಶಾಸಕರೇ, ನನ್ನ ಮಗಳು ದಿನಾ ಹಲ್ಲುಜ್ಜುತ್ತಾಳೆ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ, ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಿಂದ ನಮಸ್ಕಾರಗಳು.

ನಮ್ಮೂರಿನ ಶುದ್ಧ ನೀರಿನ ಘಟಕ ಕೆಟ್ಟು ಒಂದೂವರೆ ವರ್ಷವಾಯಿತು. ರಿಪೇರಿ ಮಾಡಿಸಿಕೊಡಿ. ಕೇಳುವುದು ಇಷ್ಟೇ. ಇದನ್ನೇ ಅರ್ಜಿಯಲ್ಲಿ ಬರೆದು ನಾಲ್ಕು ಸಲ ಕೊಟ್ಟಿದ್ದೇನೆ. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಅನ್ನುವ ಲವಣ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅನ್ನುವ ನಿಯಮ ನಿಮಗೆ ಗೊತ್ತೇ ಇರುತ್ತದೆ. ಪರೀಕ್ಷೆ ಮಾಡಿದವರು ಬೋರ್‌ವೆಲ್ ಪಕ್ಕ ಕೆಂಪು ಬಣ್ಣದಲ್ಲಿ ‘ಕುಡಿಯಲು ಯೋಗ್ಯವಲ್ಲ’ ಎಂದು ಬರೆದು ಹೋದರು. ಆಮೇಲೆ ಅದೇ ನೀರು ಮಿನಿ ಟ್ಯಾಂಕಿಗೆ ಬಂತು. ಅಂಗನವಾಡಿಯಲ್ಲಿ ಅನ್ನ ಬೇಯುವುದೂ ಅದರಲ್ಲೇ. ಕುದಿಸಿ ಕುಡಿಯಿರಿ ಅಂತ ಕಚೇರಿಯಲ್ಲೊಬ್ಬರು ಬುದ್ಧಿ ಹೇಳಿದರು. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ ಸ್ವಾಮಿ!

ಹೋದ ವರ್ಷದ ಆರೋಗ್ಯ ಶಿಬಿರ ನೆನಪಿದೆಯಾ? ಬ್ರಷ್ಷು, ಪೇಸ್ಟು ಹಂಚಿದಿರಿ. ಒಂಬತ್ತು ವರ್ಷದ ನನ್ನ ಮಗಳು ವೇದಿಕೆ ಹತ್ತಿದಳು. ಮೈಕ್ ಹಿಡಿದುಕೊಂಡೇ ‘ಏನಮ್ಮ, ಹಲ್ಲುಜ್ಜಲ್ವಾ? ಎಲೆ ಅಡಿಕೆ ಹಾಕ್ತೀಯೇನು?’ ಅಂದಿರಿ. ಜನ ನಕ್ಕರು. ನೀವೂ ನಕ್ಕಿರಿ.

ಆ ರಾತ್ರಿ ಅವಳು ಇಟ್ಟಿಗೆ ಪುಡಿ ಹಾಕಿಕೊಂಡು ಒಸಡಿನಲ್ಲಿ ರಕ್ತ ಬರುವ ತನಕ ಉಜ್ಜಿದಳು. ಅವಳ ಹಲ್ಲಿನ ಆ ಕಂದು ಕಲೆ ಹೊರಗಿನಿಂದ ಅಂಟಿದ್ದಲ್ಲ, ಹಲ್ಲು ಬೆಳೆಯುವಾಗಲೇ ಫ್ಲೋರೈಡ್‌ನಿಂದ ಸೇರಿಕೊಂಡಿದ್ದು. ಉಜ್ಜಿದರೆ ಹೋಗುವುದಿಲ್ಲ. ಈಗ ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ. ಅಂದಹಾಗೆ, ಅವತ್ತು ನಿಮ್ಮ ಮುಂದೆ ಸೀಲ್ ಬಾಟಲಿ ನೀರಿತ್ತು. ನೀವು ಕಾರು ಹತ್ತಿದ ಮೇಲೆ, ಅರ್ಧ ಕುಡಿದಿಟ್ಟ ಬಾಟಲಿಗಳಿಗಾಗಿ ಮಕ್ಕಳು ಕಿತ್ತಾಡಿದರು.

ಮಗನಿಗೆ ನಾಲ್ಕು ವರ್ಷ. ಅವನ ಕಾಯಂ ಹಲ್ಲುಗಳು ಇನ್ನೂ ಒಸಡಿನೊಳಗೆ ತಯಾರಾಗುತ್ತಿವೆ. ಎಂಟು ವರ್ಷ ತುಂಬುವ ತನಕ ಒಳ್ಳೆ ನೀರು ಕೊಡಿ, ಕಲೆ ಬೀಳಲ್ಲ ಅಂದರು ಹಲ್ಲಿನ ಡಾಕ್ಟರು. ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ಕುಡಿದರೆ ಫ್ಲೋರೈಡ್ ಮೂಳೆಗೂ ಹಿಡಿಯುತ್ತದಂತೆ. ಆರು ಕಿಲೋಮೀಟರ್ ದೂರದಿಂದ ಬೈಕಿನಲ್ಲಿ ಎರಡು ಕ್ಯಾನ್ ತರುತ್ತೇನೆ. ಕೂಲಿಗೆ ಹೋಗುವ ಪಕ್ಕದ ಮನೆಯವರಿಗೆ ಬೈಕೂ ಇಲ್ಲ.

ಕೇಳಿದರೆ ಘಟಕದಲ್ಲಿ ನೀರು ಸೋಸುವ ಮೆಂಬ್ರೇನ್ ಹೋಗಿದೆ, ಟೆಂಡರ್ ಆಗಬೇಕು ಅನ್ನುತ್ತಾರೆ. ಇಲ್ಲದಿದ್ದರೆ ಭದ್ರಾ ನದಿ ನೀರು ಬರುತ್ತೆ ಅನ್ನುತ್ತಾರೆ. ಬರಲಿ, ಸಂತೋಷ. 1933ರ ನಂತರ 2022ರಲ್ಲಿ ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯ ಕೋಡಿ ಬಿದ್ದಾಗ ನಾವೂ ಹೋಗಿ ಕೈಮುಗಿದು ಬಂದವರೇ. ಆದರೆ ಮಗನ ಹಲ್ಲು ಟೆಂಡರಿಗೆ ಕಾಯುವುದಿಲ್ಲ.

ಘಟಕ ರಿಪೇರಿ ಮಾಡಿಸಿ. ಅಲ್ಲಿಯ ತನಕ ಅಂಗನವಾಡಿಗಾದರೂ ದಿನಕ್ಕೆ ಎರಡು ಕ್ಯಾನ್ ಫಿಲ್ಟರ್ ನೀರು ಕಳಿಸಿ. ಘಟಕ ರಿಪೇರಿ ಮಾಡಿಸಿ. ಬೇಕಿದ್ದರೆ ಇನ್ನೊಂದು ಸಲ ಉದ್ಘಾಟನೆ ಮಾಡೋಣ, ಹಾರ ನಾನೇ ತರುತ್ತೇನೆ.

ಇಂತಿ,
ಆ ಹುಡುಗಿಯ ಅಪ್ಪ