ಬಂಪರ್ ಬಿಚ್ಚದೆ ‘ಗೀರು ಅಷ್ಟೇ’ ಅನ್ನಬೇಡಿ

ಮಾನ್ಯರೇ,

ಮಳೆಯಲ್ಲಿ ಸಿಗ್ನಲ್ ಹತ್ತಿರ ಕಾರು ನಿಲ್ಲಿಸಿದ್ದೆ. ಹಿಂದಿನಿಂದ ಬಂದ ಕಾರು ಗುದ್ದಿತು. ಕಾಲು ಬ್ರೇಕ್ ಮೇಲೇ ಇತ್ತು, ಆದರೂ ನನ್ನ ಕಾರು ಒಂದು ಮಾರು ಮುಂದೆ ಜರುಗಿತು. ಇಳಿದು ನೋಡಿದರೆ ಬಂಪರ್ ಮೇಲೆ ಅಂಗೈಯಗಲದ ಗೀರು, ಅಷ್ಟೇ. ಗುದ್ದಿದ ಹುಡುಗ ಪಾಪ, ನಡುಗುತ್ತಿದ್ದ. ‘ಎಬಿಎಸ್ ಇದೆ ಸಾರ್. ಬ್ರೇಕ್ ಒತ್ತಿದೆ, ಪೆಡಲ್ ಗಡಗಡ ಅಂತ ಬಡಿಯಿತು, ಹೆದರಿ ಕಾಲು ಎತ್ತಿಬಿಟ್ಟೆ’ ಅಂದ.

ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಬಡಿಯುವುದೇ ಸರಿ. ಚಕ್ರ ಲಾಕ್ ಆಗಿ ಜಾರದಂತೆ ಅದು ಸೆಕೆಂಡಿಗೆ ಹಲವು ಸಲ ಬ್ರೇಕ್ ಬಿಟ್ಟು ಹಿಡಿಯುತ್ತದೆ. ಆಗ ಕಾಲು ಎತ್ತಬಾರದು, ಒತ್ತಿಯೇ ಇರಬೇಕು. ಹಾಗಂತ ಒದ್ದೆ ರಸ್ತೆಯನ್ನು ಎಬಿಎಸ್ ಒಣಗಿಸಿ ಕೊಡುವುದಿಲ್ಲ. 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಾಲು ಪೆಡಲ್ ಮುಟ್ಟುವಷ್ಟರಲ್ಲೇ ಅಷ್ಟು ದೂರ ಖರ್ಚಾಗಿರುತ್ತದೆ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ವಿಮೆಯವರು ಕಳಿಸಿದ ಸರ್ವೆಯರ್ ಮೇಲೆ. ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದು ‘ಬಂಪರ್‌ಗೆ ಪೇಂಟ್ ಸಾಕು’ ಅಂತ ಬರೆದರು. ಡಿಕ್ಕಿ ಹೊಡೆದದ್ದೇ ಡಿಕ್ಕಿಗೆ, ಅದರ ಬಾಗಿಲನ್ನೇ ತೆಗೆಸಿ ನೋಡಲಿಲ್ಲ! ನಾನೂ ಸುಮ್ನೆ ಸಹಿ ಹಾಕಿದೆ.

ಎರಡು ವಾರ ಕಳೆದ ಮೇಲೆ ಡಿಕ್ಕಿಯಲ್ಲಿ ಮುಗ್ಗಲು ವಾಸನೆ. ಮ್ಯಾಟ್ ಸರಿಸಿ ಸ್ಟೆಪ್ನಿ ಎತ್ತಿದರೆ ಕೆಳಗೆ ನೀರು ನಿಂತಿತ್ತು. ತಳದ ತಗಡು ಇಸ್ತ್ರಿ ಕಾಣದ ಬಟ್ಟೆಯಂತೆ ಸುಕ್ಕಾಗಿತ್ತು. ಬೆಸುಗೆ ಅಂಚಿನ ಸೀಲಂಟ್ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ನೀರು ನುಗ್ಗಲು ಅಷ್ಟು ಸಾಕು.

ಟಿಂಕರಿಂಗ್ ಮೇಸ್ತ್ರಿ ಬಂಪರ್ ಬಿಚ್ಚಿದರು. ಹೊರಗಿನ ಪ್ಲಾಸ್ಟಿಕ್ ಗುದ್ದಿದ ರಭಸಕ್ಕೆ ಒಳಹೋಗಿ, ಮತ್ತೆ ಪುಟಿದು ತನ್ನ ಜಾಗಕ್ಕೆ ಬಂದು ಕೂತಿತ್ತು. ಅದರ ಹಿಂದಿನ ಕಬ್ಬಿಣದ ಅಡ್ಡಪಟ್ಟಿಗೆ ಪುಟಿಯುವ ಗುಣ ಎಲ್ಲಿಂದ ಬರಬೇಕು? ಬಾಗಿ ಹೋಗಿತ್ತು. ಪೆಟ್ಟು ನುಂಗಲೆಂದೇ ಪಟ್ಟಿಯ ಹಿಂದೆ ಎರಡು ಡಬ್ಬಿಗಳಿರುತ್ತವೆ. ಬಲಗಡೆಯದು ಅಪ್ಪಚ್ಚಿ. ಇನ್ನೊಮ್ಮೆ ಯಾರಾದರೂ ಗುದ್ದಿದ್ದರೆ ಆ ಕಡೆ ನುಂಗಲು ಏನೂ ಉಳಿದಿರಲಿಲ್ಲ. ‘ಡಿಕ್ಕಿ ಬಾಗಿಲಿನ ಸಂದಿಗೆ ಬೆರಳಿಟ್ಟು ನೋಡಿ’ ಅಂದರು ಮೇಸ್ತ್ರಿ. ಎಡಕ್ಕೆ ಉಗುರು ಕೂಡ ಹೋಗಲಿಲ್ಲ. ಬಲಕ್ಕೆ ಕಿರುಬೆರಳು ಸಲೀಸಾಗಿ ಹೋಯಿತು. ಆಮೇಲೆ ಕಾರು ಮೇಲೆತ್ತಿ ಹಿಂದಿನ ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್, ಪೆಟ್ರೋಲ್ ಟ್ಯಾಂಕ್, ಸೈಲೆನ್ಸರ್ ಎಲ್ಲ ನೋಡಿದರು. ಸೀಟಿನ ಬೆನ್ನನ್ನೂ ಅಲ್ಲಾಡಿಸಿದರು, ಹಿಂದಿನಿಂದ ಗುದ್ದಿದಾಗ ನಮ್ಮ ಭಾರವೆಲ್ಲ ಅದರ ಮೇಲೇ ಬೀಳುವುದು ಅಲ್ವಾ? ಪುಣ್ಯಕ್ಕೆ ಅವೆಲ್ಲ ಸರಿಯಿದ್ದವು.

ವಿಮಾ ಕಂಪನಿಗಳಲ್ಲಿ ನನ್ನದೊಂದೇ ವಿನಂತಿ. ಹಿಂದಿನಿಂದ ಗುದ್ದಿಸಿಕೊಂಡ ಕಾರಿನ ಅಂದಾಜನ್ನು ಬಂಪರ್ ಬಿಚ್ಚಿಸಿ, ಸ್ಟೆಪ್ನಿ ಎತ್ತಿಸಿದ ಮೇಲೆಯೇ ಬರೆಯಿರಿ. ಫೋಟೊ ಕೂಡ ಆಗಲೇ ತೆಗೆಯಿರಿ.

ನನ್ನ ಎರಡನೇ ಅರ್ಜಿಗೆ ಉತ್ತರ ಬಂದಿದೆ. ‘ಈ ಹಾನಿಯನ್ನು ಮೊದಲೇ ಯಾಕೆ ತೋರಿಸಲಿಲ್ಲ?’ ಎಂದು ನನ್ನನ್ನೇ ಕೇಳಿದ್ದಾರೆ.

ಇಂತಿ,
ನಿಮ್ಮ ಓದುಗ