ಯಾವ ಕಂಪೈಲರ್ ಫಾಸ್ಟು ಅಂತ ಬರೀ ಸೆಕೆಂಡ್ ಲೆಕ್ಕದಲ್ಲಿ ಹೇಳ್ಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪೇಪರಿನ ಟೆಕ್ ಪುಟದಲ್ಲಿ ಕಂಪೈಲರ್, ಅಂದ್ರೆ ನಾವು ಬರೆದ ಪ್ರೋಗ್ರಾಂನ ಪ್ರೊಸೆಸರಿಗೆ ಅರ್ಥ ಆಗೋ ಭಾಷೆಗೆ ತಿರುಗಿಸೋ ಸಾಫ್ಟ್‌ವೇರ್ ಬಗ್ಗೆ ಬಂದ ಬರಹ ಓದಿದೆ. ಕನ್ನಡದಲ್ಲಿ ಇಂಥದ್ದೂ ಬರ್ತಿದೆ ಅಂತ ಖುಷಿ ಆಯ್ತು. ಆದ್ರೆ ಸಿ ಭಾಷೆಯ ಒಂದೇ ಪ್ರೋಗ್ರಾಂನ ಜಿಸಿಸಿ, ಕ್ಲ್ಯಾಂಗ್ ಅನ್ನೋ ಎರಡು ಕಂಪೈಲರಲ್ಲೂ ಕಂಪೈಲ್ ಮಾಡಿ ಓಡಿಸಿ, ಕ್ಲ್ಯಾಂಗ್‌ದು ಹತ್ರಹತ್ರ ಸೊನ್ನೆ ಸೆಕೆಂಡ್ ಬಂತು, ಹಾಗಾಗಿ ಅದೇ ಗೆದ್ದಿತು ಅಂತ ತೀರ್ಪು ಕೊಟ್ಬಿಟ್ಟಿದ್ದಾರಲ್ಲ, ಅಲ್ಲೇ ಎಡವಟ್ಟಾಗಿರೋದು.

ಆ ಪ್ರೋಗ್ರಾಂ ಮಾಡೋದಾದ್ರೂ ಏನು? ಸೊನ್ನೆಯಿಂದ ಎನ್ ತನಕ ಒಂದೊಂದೇ ನಂಬರ್ ಕೂಡಿಸ್ತಾ ಹೋಗೋ ಲೂಪು. ಇದನ್ನ ಓ2 ಫ್ಲ್ಯಾಗ್ (ಕೋಡನ್ನ ಚುರುಕು ಮಾಡು, ಅಂದ್ರೆ ಆಪ್ಟಿಮೈಸ್ ಮಾಡು ಅಂತ ಕಂಪೈಲರಿಗೆ ಕೊಡೋ ಸೂಚನೆ) ಹಾಕಿ ಕ್ಲ್ಯಾಂಗ್‌ಗೆ ಕೊಟ್ರೆ ಅದು ಲೂಪನ್ನೇ ಎತ್ತಿ ಬಿಸಾಕತ್ತೆ, ಹೈಸ್ಕೂಲಲ್ಲಿ ಸಮಾಂತರ ಶ್ರೇಢಿ ಪಾಠದಲ್ಲಿ ಉರು ಹೊಡೆದ ಸೂತ್ರ ಇದ್ಯಲ್ಲ, ಅದನ್ನೇ ತಾನೇ ಕಂಡ್ಕೊಂಡು ಒಂದು ಗುಣಾಕಾರ, ಒಂದು ಶಿಫ್ಟು (ಬಿಟ್‌ಗಳನ್ನ ಪಕ್ಕಕ್ಕೆ ತಳ್ಳೋದು), ಸ್ವಲ್ಪ ಕೂಡೋದು ಕಳೆಯೋದು, ಅಷ್ಟರಲ್ಲಿ ಮುಗಿಸತ್ತೆ. ಎನ್ ಸಾವಿರ ಆಗ್ಲಿ ನೂರು ಕೋಟಿ ಆಗ್ಲಿ ಅಷ್ಟೇ ಟೈಮು. ಜಿಸಿಸಿ ಲೂಪ್ ಉಳಿಸ್ಕೊಳ್ಳತ್ತೆ, ಓ2ಗಿಂತ ಜೋರಾದ ಓ3 ಕೊಟ್ರೆ 32 ಬಿಟ್ ನಂಬರುಗಳನ್ನ ನಾಲ್ಕು ನಾಲ್ಕು ಒಟ್ಟಿಗೆ ಕೂಡಿಸೋ ವೆಕ್ಟರ್ ಇನ್‌ಸ್ಟ್ರಕ್ಷನ್ ಹಾಕತ್ತೆ. ಅಂದ್ರೆ ನೀವು ಅಳೆದಿದ್ದು ಒಂದು ಸೂತ್ರ ಯಾರಿಗೆ ಹೊಳೀತು ಅನ್ನೋದನ್ನ ಅಷ್ಟೇ, ನಿಜವಾದ ಕೆಲಸದ ಕೋಡಲ್ಲಿ ಇಂಥ ಲೂಪ್ ಯಾರು ಬರೀತಾರೆ ಹೇಳಿ. ಕೂಡಿಸಿದ ಉತ್ತರನ ಎಲ್ಲೂ ಬಳಸದೆ ಬಿಟ್ಟಿದ್ರೆ ಎರಡೂ ಕಂಪೈಲರು ಲೂಪನ್ನ ಅಳಿಸಿಹಾಕಿ ಇಬ್ಬರಿಗೂ ಸೊನ್ನೆ ಬರ್ತಿತ್ತು!

ಇನ್ನು ಫ್ಲ್ಯಾಗ್, ವರ್ಷನ್ ವಿಷಯ. ಬರಹದಲ್ಲಿ ವರ್ಷನ್ನೇ ಇಲ್ಲ. ಏನೂ ಫ್ಲ್ಯಾಗ್ ಕೊಡದೆ ಇದ್ರೆ ಎರಡೂ ಆಪ್ಟಿಮೈಸೇಶನ್ ಅಂತ ಹೆಚ್ಚೇನೂ ಮಾಡೋದಿಲ್ಲ. ಓ2 ಅಂತ ಹೆಸರು ಒಂದೇ ಆದ್ರೂ ಒಳಗೆ ನಡೆಯೋದು ಬೇರೆ ಬೇರೆ, ಕ್ಲ್ಯಾಂಗ್ ಓ2ರಲ್ಲೇ ವೆಕ್ಟರ್ ಮಾಡ್ತಾ ಬಂದಿದೆ, ಜಿಸಿಸಿ ಅದನ್ನ ಓ2ಗೆ ತಂದಿದ್ದು 2022ರ 12ನೇ ವರ್ಷನ್‌ನಲ್ಲಿ, ಅದೂ ತುಂಬ ಜುಗ್ಗತನದಿಂದ. ಹಳೇ ಜಿಸಿಸಿನ ಹೊಸ ಕ್ಲ್ಯಾಂಗ್ ಪಕ್ಕ ನಿಲ್ಲಿಸೋದು ಒಂದು ಗಾಡಿನ ಭಾನುವಾರ ಬೆಳಗಿನ ಜಾವ ಸಿಲ್ಕ್ ಬೋರ್ಡ್ ದಾಟಿಸಿ ಇನ್ನೊಂದನ್ನ ಸೋಮವಾರ ಸಂಜೆ ದಾಟಿಸಿ ಮೈಲೇಜ್ ಹೋಲಿಸಿದ ಹಾಗೆ.

ಇಂಟೆಲ್ ಕಂಪೈಲರ್ ಸೇರಿಸ್ಕೊಂಡ್ರೆ ಇನ್ನೂ ಗೋಜಲು. ದಶಮಾಂಶದ ಲೆಕ್ಕದಲ್ಲಿ ಜಿಸಿಸಿ, ಕ್ಲ್ಯಾಂಗ್ ಎರಡೂ ನೀವು ಬರೆದ ಕ್ರಮದಲ್ಲೇ ಕೂಡಿಸ್ತವೆ, ಫಾಸ್ಟ್ ಮ್ಯಾಥ್ ಅನ್ನೋ ಫ್ಲ್ಯಾಗ್ ಹಾಕಿ ನೀವೇ ಕೇಳಿದ್ರೆ ಮಾತ್ರ ಕ್ರಮ ಬದಲಾಯಿಸ್ತವೆ. ಇಂಟೆಲ್‌ದು ಡೀಫಾಲ್ಟಾಗೇ ಸಡಿಲ, ಸ್ಪೀಡ್ ಸಿಗತ್ತೆ, ಕೊನೇ ಅಂಕಿಗಳು ಆಚೀಚೆ ಆಗಬಹುದು. ಅದನ್ನ ಹೇಳದೆ ಬರೀ ಸೆಕೆಂಡ್ ಹಾಕಿದ್ರೆ ಓದೋರಿಗೆ ಮೋಸ ಅಲ್ವಾ? ಹಳೇ ಇಂಟೆಲ್ ಕಂಪೈಲರು ಹಾಕಿದ ಕೋಡು ಪ್ರೊಸೆಸರ್ ಯಾವ ಕಂಪನಿದು ಅಂತ ನೋಡಿ, ಪ್ರತಿಸ್ಪರ್ಧಿ ಎಎಂಡಿದಾದ್ರೆ ನಿಧಾನದ ದಾರಿ ಹಿಡೀತಿತ್ತು ಅನ್ನೋ ದೂರು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ತನಕ ಹೋಗಿ 2010ರಲ್ಲಿ ರಾಜಿ ಆಗಿದ್ದೂ ಇದೆ.

ಸರಿ, ಹಾಗಾದ್ರೆ ಹೋಲಿಸೋದು ಹೇಗೆ? ಅಸೆಂಬ್ಲಿ, ಅಂದ್ರೆ ಕಂಪೈಲರ್ ಪ್ರೊಸೆಸರಿಗೆ ಬರೆದುಕೊಟ್ಟ ಇನ್‌ಸ್ಟ್ರಕ್ಷನ್ ಪಟ್ಟಿ, ತೆಗೆದು ನೋಡೋದೇ. ಮ್ಯಾಟ್ ಗಾಡ್‌ಬೋಲ್ಟ್ 2012ರಲ್ಲಿ ಶುರು ಮಾಡಿದ ಕಂಪೈಲರ್ ಎಕ್ಸ್‌ಪ್ಲೋರರ್ ಬ್ರೌಸರಲ್ಲೇ ಸಿಗತ್ತೆ, ಎಡಗಡೆ ಸಿ ಬರೀರಿ, ಬಲಗಡೆ ಬೇಕಾದ ಕಂಪೈಲರ್ ಹಾಕಿ, ದುಡ್ಡಿಲ್ಲ ಕಾಸಿಲ್ಲ. ಒಂದು ನಂಬರನ್ನ 10ರಿಂದ ಭಾಗಿಸೋ ಎರಡು ಸಾಲನ್ನ ಓ2 ಜೊತೆ ಹಾಕಿ ನೋಡಿ, ಜಿಸಿಸಿ, ಕ್ಲ್ಯಾಂಗ್ ಯಾವುದೂ ಭಾಗಾಕಾರ ಮಾಡಲ್ಲ! ಚಿಹ್ನೆ ಇಲ್ಲದ 32 ಬಿಟ್ ನಂಬರಾದ್ರೆ 3435973837ರಿಂದ ಗುಣಿಸಿ 35 ಬಿಟ್ ಬಲಕ್ಕೆ ತಳ್ತವೆ (ಅಂದ್ರೆ 2ರ 35ನೇ ಘಾತದಿಂದ ಭಾಗಿಸಿದ ಹಾಗೆ), ಯಾಕಂದ್ರೆ ಪ್ರೊಸೆಸರಿಗೆ ಭಾಗಾಕಾರ ಗುಣಾಕಾರಕ್ಕಿಂತ ದುಬಾರಿ. ಮೊದಲ ಸಲ ನೋಡಿದಾಗ ಈ ನಂಬರ್ ಎಲ್ಲಿಂದ ಉದುರಿತು ಅಂತ ತಲೆ ಕೆರ್ಕೊಂಡಿದ್ದೆ, 2ರ 35ನೇ ಘಾತನ 10ರಿಂದ ಭಾಗಿಸಿ ನೋಡಿ, ಗೊತ್ತಾಗತ್ತೆ. ಇಂಥ ಕಡೆ ಎಲ್ಲಾ ಕಂಪೈಲರೂ ಹೆಚ್ಚುಕಮ್ಮಿ ಒಂದೇ, ವ್ಯತ್ಯಾಸ ಬರೋದು ಲೂಪು, ಇನ್‌ಲೈನಿಂಗು (ಫಂಕ್ಷನ್ ಕರೆಯೋ ಬದಲು ಅದರ ಕೋಡನ್ನೇ ಅಲ್ಲಿ ತುರುಕೋದು), ಮೆಮೊರಿ ಓದೋ ಕ್ರಮ ಇಂಥ ಕಡೆ.

ಮೆಮೊರಿ ಕ್ರಮದ ವಿಷಯಕ್ಕೆ ದೂರ ಹೋಗ್ಬೇಕಾಗಿಲ್ಲ, ನಮ್ಮ ಟಾಟಾ ಇನ್‌ಸ್ಟಿಟ್ಯೂಟಲ್ಲೇ (ಐಐಎಸ್‌ಸಿ) ಪ್ರೊಫೆಸರ್ ಆಗಿರೋ ಉದಯ್ ಬೊಂಧುಗುಲ ಅವರ ಪ್ಲೂಟೋ ಇದೆ, ಮ್ಯಾಟ್ರಿಕ್ಸ್ ಗುಣಾಕಾರದಂಥ ಲೂಪುಗಳನ್ನ ಕ್ಯಾಶ್‌ಗೆ (ಪ್ರೊಸೆಸರ್ ಪಕ್ಕದ ಚಿಕ್ಕ, ವೇಗದ ಮೆಮೊರಿ) ಒಗ್ಗೋ ಹಾಗೆ ತಾನೇ ತುಂಡು ಮಾಡಿ ಜೋಡಿಸೋ ಟೂಲು. ಇದೆಲ್ಲ ಇದೇ ಊರಲ್ಲಿ ನಡೀತಿರೋವಾಗ ಇಲ್ಲೇ ಕೆಲವು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಲ್ಲಿ ಇನ್ನೂ ಡಾಸ್‌ಬಾಕ್ಸ್ ಒಳಗೆ (ಹಳೇ ಡಾಸ್ ಪ್ರೋಗ್ರಾಂ ಓಡಿಸೋ ಸಾಫ್ಟ್‌ವೇರ್) ಟರ್ಬೋ ಸಿ ಅನ್ನೋ ಹಳೇ ಕಂಪೈಲರಿನ ನೀಲಿ ಸ್ಕ್ರೀನು, ಪೂರ್ಣಾಂಕಕ್ಕೆ (ಇಂಟ್) ಬರೀ 16 ಬಿಟ್. ಮಕ್ಕಳು ಆಪ್ಟಿಮೈಸೇಶನ್ ಅನ್ನೋದನ್ನ ಎಕ್ಸಾಮಿಗೆ ಬಾಯಿಪಾಠ ಮಾಡ್ತಾರೆ, ಕಂಪೈಲರ್ ಏನು ಬರೀತು ಅಂತ ಕಣ್ಣಾರೆ ನೋಡಿರಲ್ಲ.

ಮುಂದಿನ ಸಲ ಇಂಥ ಬರಹ ಹಾಕೋವಾಗ ಕಂಪೈಲರ್ ವರ್ಷನ್, ಫ್ಲ್ಯಾಗ್, ಪ್ರೊಸೆಸರ್ ಹೆಸರು ಮೂರೂ ಹಾಕ್ಸಿ, ಜಾಗ ಇದ್ರೆ ಆ ಲೂಪಿನ ಅಸೆಂಬ್ಲಿ ನಾಲ್ಕು ಸಾಲು ಪಕ್ಕದಲ್ಲಿ ಬಾಕ್ಸ್ ಮಾಡಿ ಹಾಕಿ. ಅರ್ಥ ಆಗದೋರು ಬಿಟ್ಟು ಓದ್ತಾರೆ ಬಿಡಿ, ಏನೂ ತೊಂದರೆ ಇಲ್ಲ.

ಇಂತಿ,
ಒಬ್ಬ ಫರ್ಮ್‌ವೇರ್ ಇಂಜಿನಿಯರ್
ಬಸವನಗುಡಿ, ಬೆಂಗಳೂರು